ರವೀಂದ್ರನಾಥ ಠಾಗೋರ್ ಮತ್ತು ರಂಗಸಂಗೀತ

ರವೀಂದ್ರನಾಥ ಠಾಗೋರ್ (ಮೇ ೭, ೧೮೬೧ – ಆಗಸ್ಟ್ ೭, ೧೯೪೧) ಬಂಗಾಳಿ ಭಾಷೆಯ ಕವಿ, ನಾಟಕಕಾರ ಮತ್ತು ವಾಗ್ಗೇಯಕಾರರು. ೧೯೧೩ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದರು. ತಮ್ಮ ನಾಟಕಗಳಿಗೆ ತಾವೇ ರಾಗ ಸಂಯೋಜಿಸಿ, ಹಲವು ಪ್ರಯೋಗಗಳಲ್ಲಿ ತಾವೇ ಹಾಡಿ ಅಭಿನಯಿಸಿದರು. ಅವರ ಆರಂಭದ ನಾಟಕಗಳಲ್ಲೊಂದಾದ 'ಪ್ರಕೃತಿರ್ ಪ್ರತಿಶೋಧ್' ರಚಿತವಾದದ್ದು ಕಾರವಾರದಲ್ಲಿ.

ಬಾಲ್ಯ ಮತ್ತು ಸಂಗೀತ

ರವೀಂದ್ರನಾಥರು ಕೋಲ್ಕತ್ತದ ಜೋಡಾಸಾಂಕೋದಲ್ಲಿ ದೇವೇಂದ್ರನಾಥ ಮತ್ತು ಶಾರದಾದೇವಿಯವರ ಮಗನಾಗಿ ಜನಿಸಿದರು. ಬಾಲ್ಯದಲ್ಲಿ ವಿಷ್ಣು ಚಕ್ರವರ್ತಿಯವರಿಂದ ಸಂಗೀತ ಕಲಿತರು. ಅಣ್ಣ ಜ್ಯೋತಿರಿಂದ್ರನಾಥರು ಪಿಯಾನೋದಲ್ಲಿ ಹೊಸ ಧಾಟಿಗಳನ್ನು ನುಡಿಸುತ್ತಿದ್ದರೆ, ತಮ್ಮನು ಪಕ್ಕದಲ್ಲಿ ಕುಳಿತು ಅವುಗಳಿಗೆ ಪದ ಜೋಡಿಸುತ್ತಿದ್ದನು. ೧೮೭೮ರಲ್ಲಿ ಇಂಗ್ಲೆಂಡಿಗೆ ಹೋಗಿ ೧೮೮೦ರಲ್ಲಿ ಮರಳುವಾಗ ಐರಿಶ್ ಗೀತೆಗಳ ಪರಿಚಯವೂ ಅವರಿಗಾಗಿತ್ತು.

೧೮೮೧ರಲ್ಲಿ ರಚಿಸಿದ 'ವಾಲ್ಮೀಕಿ ಪ್ರತಿಭಾ' ಎಂಬ ಗೀತನಾಟಕದಲ್ಲಿ ಹಿಂದೂಸ್ತಾನಿ ರಾಗಗಳೂ ಪಾಶ್ಚಾತ್ಯ ಧಾಟಿಗಳೂ ಒಟ್ಟಿಗೆ ಬಂದವು. ಭಾವ ತೀವ್ರವಾದಾಗ ಮಾತು ತಾನಾಗಿಯೇ ಸ್ವರದ ಏರಿಳಿತ ಪಡೆಯುತ್ತದೆ ಎಂಬ ಹರ್ಬರ್ಟ್ ಸ್ಪೆನ್ಸರನ ವಿಚಾರ ಇದಕ್ಕೆ ಪ್ರೇರಣೆಯಾಗಿತ್ತು. ಆದುದರಿಂದ ಇಲ್ಲಿ ರಾಗದ ವಿಸ್ತಾರಕ್ಕಿಂತ ಪಾತ್ರದ ಭಾವ ಮುಖ್ಯವಾಯಿತು. ಮೊದಲ ಪ್ರಯೋಗದಲ್ಲಿ ರವೀಂದ್ರನಾಥರು ವಾಲ್ಮೀಕಿಯಾಗಿ, ಅಣ್ಣನ ಮಗಳು ಪ್ರತಿಭಾ ಸರಸ್ವತಿಯಾಗಿ ಅಭಿನಯಿಸಿದರು.

ಕಾರವಾರದ ವಾಸ

ಭಾರತೀಯ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ೧೮೮೩ರಲ್ಲಿ, ತಮ್ಮ ೨೨ನೆಯ ವಯಸ್ಸಿನಲ್ಲಿ, ರವೀಂದ್ರನಾಥರು ಅಲ್ಲಿಗೆ ಬಂದರು. ಇಂದು ಕಾರವಾರದ ರೈಲು ನಿಲ್ದಾಣ ಶಿರವಾಡದಲ್ಲಿದೆ. ಆ ಕಾಲದಲ್ಲಿ ಈ ಕರಾವಳಿಗೆ ರೈಲು ಇರಲಿಲ್ಲ. ಬೆಟ್ಟಗಳು ಸುತ್ತುವರಿದ ಬಂದರು, ಅರ್ಧಚಂದ್ರಾಕಾರದ ಮರಳ ದಂಡೆ, ಗಾಳಿಮರದ ತೋಪು ಇವು ಅವರ ಆತ್ಮಕಥನ 'ಜೀವನ ಸ್ಮೃತಿ'ಯಲ್ಲಿ ಚಿತ್ರಿತವಾಗಿವೆ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ, ಶಿವಾಜಿಯ ಕಾಲದ ಬೆಟ್ಟದ ಕೋಟೆಯನ್ನು ಹಾದು ಹೋಗಿ, ಮರಳಿನ ಮೇಲೆ ನಡೆದು ಮನೆಗೆ ಹಿಂದಿರುಗಿದ್ದನ್ನೂ ಅದರಲ್ಲಿ ನೆನೆದಿದ್ದಾರೆ.

'ಪ್ರಕೃತಿರ್ ಪ್ರತಿಶೋಧ್' ಎಂದರೆ ಪ್ರಕೃತಿಯ ಪ್ರತೀಕಾರ. ಲೋಕದ ಬಂಧನಗಳನ್ನೆಲ್ಲ ಕಡಿದುಕೊಂಡೆನೆಂದು ನಂಬಿದ ಸಂನ್ಯಾಸಿಯನ್ನು, ಎಲ್ಲರೂ ದೂರವಿಟ್ಟ ಅನಾಥ ಬಾಲಕಿಯೊಬ್ಬಳ ಪ್ರೀತಿ ಮತ್ತೆ ಲೋಕದತ್ತ ಸೆಳೆಯುತ್ತದೆ. ಅವನು ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ಮನಸ್ಸು ಬದಲಿಸಿ ಮರಳುವ ಹೊತ್ತಿಗೆ ಅವಳು ಬದುಕಿರುವುದಿಲ್ಲ. ಸೀಮೆಯೊಳಗೇ ಅಸೀಮವನ್ನು ಕಾಣುವ ತಮ್ಮ ಮುಂದಿನ ಬರವಣಿಗೆಗೆಲ್ಲ ಈ ಕೃತಿಯೇ ಪೀಠಿಕೆ ಎಂದು ರವೀಂದ್ರನಾಥರು ಭಾವಿಸಿದ್ದರು.

ಈ ನಾಟಕದ ಕೆಲವು ಹಾಡುಗಳು ಕಾರವಾರದಿಂದ ಮರಳುವಾಗ ಹಡಗಿನಲ್ಲಿ ಹುಟ್ಟಿದವು. ಅವುಗಳಲ್ಲಿ ಮೊದಲನೆಯದು, ಕೃಷ್ಣನನ್ನು ತಮ್ಮೊಡನೆ ಕಳುಹಿಸಿಕೊಡೆಂದು ಗೊಲ್ಲರ ಹುಡುಗರು ನಂದರಾಣಿಯನ್ನು ಬೇಡುವ ಹಾಡು. ಅದನ್ನು ಹಡಗಿನ ಮೇಲಟ್ಟದಲ್ಲಿ ಕುಳಿತು, ಹಾಡುತ್ತ ಹಾಡುತ್ತಲೇ ಬರೆದರು. ಸಂನ್ಯಾಸಿಯು ಮಾಯೆಯೆಂದು ತಿರಸ್ಕರಿಸಿದ ದಿನನಿತ್ಯದ ಬದುಕನ್ನು ರಂಗದ ಮೇಲೆ ತರುವುದು ಇಂತಹ ಹಾಡುಗಳೇ.

ಮರಳಿದ ಬಳಿಕ, ೧೮೮೩ರ ಡಿಸೆಂಬರಿನಲ್ಲಿ, ಮೃಣಾಲಿನಿ ದೇವಿಯವರೊಡನೆ ಅವರ ವಿವಾಹವಾಯಿತು. ೧೮೮೪ರ ಏಪ್ರಿಲ್‌ನಲ್ಲಿ, ಅವರ ಸಾಹಿತ್ಯದ ಆಪ್ತ ಓದುಗರಾಗಿದ್ದ ಅತ್ತಿಗೆ ಕಾದಂಬರೀ ದೇವಿ ಆತ್ಮಹತ್ಯೆ ಮಾಡಿಕೊಂಡರು. ಈ ಶೋಕ ಅವರನ್ನು ಬಹುಕಾಲ ಕಾಡಿತು. ಕಾರವಾರದ ನಾಟಕ ಅದೇ ವರ್ಷ ಪುಸ್ತಕವಾಗಿ ಪ್ರಕಟವಾಯಿತು.

ಕನ್ನಡ ನಾಡಿನ ಧಾಟಿಗಳು

ರವೀಂದ್ರನಾಥರ ಕೆಲವು ಗೀತೆಗಳು ಕನ್ನಡ ಹಾಡುಗಳ ಧಾಟಿಯನ್ನು ಅನುಸರಿಸಿವೆ. ಸತ್ಯೇಂದ್ರನಾಥರ ಮಗಳು ಇಂದಿರಾದೇವಿ ಇಂತಹ ಮೂಲಗಳನ್ನು ಪಟ್ಟಿಮಾಡಿದ್ದಾರೆ. ಮೈಸೂರಿನಲ್ಲಿ ಕೆಲಕಾಲ ಶಿಕ್ಷಕಿಯಾಗಿದ್ದ ಸೋದರಿಯ ಮಗಳು ಸರಳಾದೇವಿಯೂ ಅಲ್ಲಿ ಕೇಳಿದ ಧಾಟಿಗಳನ್ನು ತಂದುಕೊಟ್ಟರು.

ನಂತರದ ನಾಟಕಗಳು

'ಮಾಯಾರ್ ಖೇಲಾ' (೧೮೮೮) ಬಹುಮಟ್ಟಿಗೆ ಹಾಡುಗಳಿಂದಲೇ ಕಟ್ಟಿದ ನಾಟಕ. ಶಾಂತಿನಿಕೇತನದ ಕಾಲದಲ್ಲಿ 'ಶಾರದೋತ್ಸವ್' (೧೯೦೮) ಮೊದಲಾದ ಋತುನಾಟಕಗಳು ಬಂದವು. ಚಿತ್ರಿಸಿದ ಪರದೆಗಳ ಅಬ್ಬರ ರಂಗಕ್ಕೆ ಬೇಡವೆಂಬುದು ಅವರ ನಿಲುವಾಗಿತ್ತು. ೧೯೧೬ರಲ್ಲಿ ಬಾಂಕುಡಾದ ಬರಪೀಡಿತರ ನೆರವಿಗಾಗಿ 'ಫಾಲ್ಗುಣಿ'ಯನ್ನು ಆಡಿದಾಗ ಕುರುಡ ಬಾವುಲ್ ಗಾಯಕನ ಪಾತ್ರವನ್ನು ತಾವೇ ವಹಿಸಿದರು. ತಾವು ಕಟ್ಟಿದ ರಾಗವನ್ನು ತಾವೇ ಮರೆಯುತ್ತಿದ್ದುದರಿಂದ, ಅಣ್ಣನ ಮೊಮ್ಮಗ ದಿನೇಂದ್ರನಾಥರು ಸ್ವರಲಿಪಿ ಬರೆದು ಅನೇಕ ಹಾಡುಗಳನ್ನು ಉಳಿಸಿದರು. ದಿನೇಂದ್ರನಾಥರು ೧೯೩೫ರಲ್ಲಿ ತೀರಿಕೊಂಡರು.

ಕೊನೆಯ ವರ್ಷಗಳಲ್ಲಿ 'ಚಿತ್ರಾಂಗದಾ' (೧೯೩೬), 'ಚಂಡಾಲಿಕಾ' (೧೯೩೮) ಮತ್ತು 'ಶ್ಯಾಮಾ' (೧೯೩೯) ನೃತ್ಯನಾಟಕಗಳು ರೂಪುಗೊಂಡವು. ಇವುಗಳಲ್ಲಿ ಸಂಭಾಷಣೆಯನ್ನು ಹಾಡಿನಲ್ಲಿ ಹೇಳಿ ನೃತ್ಯದಲ್ಲಿ ಅಭಿನಯಿಸಲಾಗುತ್ತದೆ. 'ಚಂಡಾಲಿಕಾ'ದ ನಾಯಕಿ ಅಸ್ಪೃಶ್ಯ ಹುಡುಗಿ. ಅವಳ ಹೆಸರು ಪ್ರಕೃತಿ. ಬೌದ್ಧ ಭಿಕ್ಷು ಆನಂದನು ಅವಳ ಕೈಯಿಂದ ನೀರು ಕುಡಿಯುತ್ತಾನೆ. ಕಾರವಾರದಲ್ಲಿ ಬರೆದ ನಾಟಕದ ಸಂನ್ಯಾಸಿ ಮತ್ತು ಬಾಲಕಿಯ ಪ್ರಶ್ನೆ ಅರ್ಧ ಶತಮಾನದ ಬಳಿಕ ಇಲ್ಲಿ ಬೇರೊಂದು ರೂಪದಲ್ಲಿ ಮರಳಿತು.

ನಿಧನ ಮತ್ತು ಸ್ಮರಣೆ

ಎರಡು ಸಾವಿರಕ್ಕೂ ಹೆಚ್ಚು ಗೀತೆಗಳನ್ನು ರಚಿಸಿದ ರವೀಂದ್ರನಾಥರು ೧೯೪೧ರ ಆಗಸ್ಟ್ ೭ರಂದು, ತಾವು ಹುಟ್ಟಿದ ಜೋಡಾಸಾಂಕೋ ಮನೆಯಲ್ಲಿಯೇ ನಿಧನರಾದರು. ಕಾರವಾರದ ಕಡಲತೀರಕ್ಕೆ ಅವರ ಹೆಸರನ್ನು ಇಡಲಾಗಿದೆ.