ಗುಬ್ಬಿ ವೀರಣ್ಣನವರೂ ಕಂಪನಿಯ ಹುಡುಗರೂ

ನಾಟಕದ ಕಂಪನಿಗೆ ಸೇರಿದ ಹುಡುಗ ಕೆಟ್ಟನೆಂಬ ಮಾತು ನಮ್ಮ ಹಿರಿಯರಲ್ಲಿ ಬಹುಕಾಲ ರೂಢಿಯಲ್ಲಿತ್ತು. ಗುಬ್ಬಿ ವೀರಣ್ಣನವರ ಬಾಳನ್ನು ನೋಡಿದಾಗ ಅದರಲ್ಲಿ ಅರ್ಧ ಮಾತ್ರ ನಿಜವೆಂದು ನನಗೆ ತೋರುತ್ತದೆ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯಲ್ಲಿ. ಅದಕ್ಕೆ ಏಳು ವರ್ಷ ಮೊದಲೇ ಗುಬ್ಬಿಯ ಕಲಾಭಿಮಾನಿಗಳು ಕೂಡಿ ನಾಟಕ ಮಂಡಲಿಯೊಂದನ್ನು ಕಟ್ಟಿದ್ದರು. ಇನ್ನೂ ಆರು ವರ್ಷದವನಿರುವಾಗಲೇ ಬಾಲಕ ವೀರಣ್ಣ ಅದನ್ನು ಸೇರಿದನು. ಆ ಕಾಲದ ಕಂಪನಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮಾತು ಕೇಳಬೇಕು. ಹಾರ್ಮೋನಿಯಂ ಪಕ್ಕದಲ್ಲಿ ನಿಂತು ಶ್ರುತಿ ಹಿಡಿಯಬೇಕು, ಒಡೆಯದ ಕಂಠವಿರುವ ತನಕ ಹೆಣ್ಣುವೇಷ ಹಾಕಬೇಕು, ಪರದೆಯ ಮರೆಯಿಂದ ದೊಡ್ಡವರ ಪಾತ್ರವನ್ನು ನೋಡಿ ನೋಡಿಯೇ ಬಾಯಿಪಾಠ ಮಾಡಬೇಕು. ಸಾವಿರ ಕಣ್ಣುಗಳ ಮುಂದೆ ದಿನವೂ ನಿಂತ ಹುಡುಗನಿಗೆ ಸಭಾಕಂಪವೆಲ್ಲಿಂದ ಬಂದೀತು? ವಾರ್ಷಿಕೋತ್ಸವದ ರಾತ್ರಿ ಎರಡು ಮಾತು ಆಡುವಷ್ಟರಲ್ಲಿ ಬೆವರುವ ನಮಗೆ ಇದು ಚೆನ್ನಾಗಿ ತಿಳಿದೀತು!

1917ರಲ್ಲಿ ಕಂಪನಿಯ ಒಡೆತನವೇ ವೀರಣ್ಣನವರ ಕೈಗೆ ಬಂದಿತು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರು ಮನೆಮಾತಾದರು. 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಜನರನ್ನು ಬೆರಗುಗೊಳಿಸಿದರು. ಇದನ್ನೆಲ್ಲ ಬಲ್ಲವರು ಬಹಳ ಮಂದಿ. ನನಗೆ ಆನೆಗಳಿಗಿಂತ ಹುಡುಗರ ಸಂಗತಿಯೇ ದೊಡ್ಡದಾಗಿ ಕಾಣುತ್ತದೆ.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ತಂದೆಯ ಹಿಂದೆಯೇ ಬಂದ ಅವರ ಮಗ ಮುತ್ತುರಾಜ ಶಾಲೆಯನ್ನು ಬಾಲ್ಯದಲ್ಲೇ ಬಿಟ್ಟವನು. ಸಣ್ಣಪುಟ್ಟ ವೇಷಗಳಿಂದ ಮೇಲೇರಿ 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕನಾದಾಗ ಅವನೇ ರಾಜಕುಮಾರ್. ಇಂಥವರನ್ನು ಕಂಡಾಗ ಕಂಪನಿಯೇ ವಿದ್ಯಾಲಯವೆಂದು ಹೇಳಿಬಿಡುವ ಆಸೆಯಾಗುತ್ತದೆ. ಆದರೆ ಪುಸ್ತಕ ಬಿಟ್ಟುಬಂದ ಹುಡುಗರೆಲ್ಲರೂ ರಾಜಕುಮಾರರಾಗಲಿಲ್ಲ. ಕಂಠ ಒಡೆದ ಮೇಲೆ ಪಾತ್ರವೂ ಇಲ್ಲ, ಓದೂ ಇಲ್ಲ ಎಂಬ ಗತಿ ಬಂದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಹಿರಿಯರ ಅಂಜಿಕೆ ಸುಳ್ಳಲ್ಲ.

ದಕ್ಷಿಣ ಕನ್ನಡದ ಬಂಟ್ವಾಳ ಸೀಮೆಯ ಹುಡುಗನೊಬ್ಬ ನಾಟಕದ ಹುಚ್ಚಿನಿಂದ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿಯನ್ನು ಸೇರಿದನು. ಅವನೇ ಬಿ. ವಿ. ಕಾರಂತ. ಹಾಡಬಲ್ಲ, ನಟಿಸಬಲ್ಲ ಇಂಥ ಹುಡುಗನನ್ನು ಯಾವ ಮಾಲೀಕನೂ ಕೈಬಿಡುವುದಿಲ್ಲ. ಕಂಪನಿಗೆ ಅವನಿಂದ ಲಾಭ. ವೀರಣ್ಣನವರು ಮಾತ್ರ ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟರು. ಹೆಚ್ಚು ಓದದೆ ರಂಗದಲ್ಲೇ ಬೆಳೆದವರು ತಮ್ಮ ಹುಡುಗನಿಗೆ ಓದನ್ನು ಕೊಡಿಸಿದರೆಂಬುದನ್ನು ನಾನು ಎಷ್ಟು ಸಲ ನೆನೆದರೂ ಮನಸ್ಸು ತುಂಬುತ್ತದೆ. ತಮಗೆ ದೊರೆತುದನ್ನೇ ಕೊಡುವುದು ಸುಲಭ. ದೊರೆಯದುದನ್ನು ಕೊಡುವವರು ವಿರಳ.

ಕಾರಂತರು ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಹಿಂದಿ ಎಂ. ಎ. ಮುಗಿಸಿದರು, ಅಲ್ಲಿಯೇ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಕಲಿತರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದ ಮೇಲೆ ಆ ನಗರದ ಒಂದು ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಮುಂದೆ ಕನ್ನಡದಲ್ಲಿ ‘ಪಂಜರ ಶಾಲೆ’ಯಂಥ ಮಕ್ಕಳ ನಾಟಕಗಳನ್ನು ಆಡಿಸಿದರು. ಮನೆ ಬಿಟ್ಟು ಓಡಿಬರದೆ, ಪುಸ್ತಕ ಮುಚ್ಚದೆ, ಸಂಜೆಯ ಹೊತ್ತು ನಾಟಕವಾಡಿ ಮರುದಿನ ಶಾಲೆಗೆ ಹೋಗುವ ಮಕ್ಕಳು ಅವರಿಗೆ ದೊರೆತರು.

ವೀರಣ್ಣನವರು 1972ರಲ್ಲಿ ತೀರಿಕೊಂಡರು. ಐದು ವರ್ಷಗಳ ಬಳಿಕ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಬಂದು, ನಾಡಿನ ಬೇರೆ ಬೇರೆ ಮೂಲೆಗಳ ತರುಣ ತರುಣಿಯರನ್ನು ಸೇರಿಸಿಕೊಂಡು ಪಾಠಕ್ಕೆ ನಿಂತರು.