ಮೂರೆಳೆಯ ಹುರಿಯನ್ನು ಕಂಡವರು

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಮೊಳಗುವ ಡೊಳ್ಳಿನ ನಾದವನ್ನು ಅರಿಯದವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸೀಮೆಯಲ್ಲಿ ವಿರಳ. ಅಷ್ಟು ಪೆಟ್ಟು ತಿಂದೂ ಆ ತೊಗಲು ಹರಿಯದಿರುವುದಕ್ಕೆ ಅದರೊಳಗಿನ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳೇ ಕಾರಣ. ಆ ಎಳೆ ಮೂರು ಸರಪಣಿಗಳು ಹೊಸೆದುಕೊಂಡ ಹುರಿಯೆಂಬುದನ್ನು ಲೋಕಕ್ಕೆ ತೋರಿಸಿದವರು ಜಿ. ಎನ್. ರಾಮಚಂದ್ರನ್.

1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದ ರಾಮಚಂದ್ರನ್ನರಿಗೆ ಗಣಿತದ ಒಲವು ಅಧ್ಯಾಪಕರಾದ ತಂದೆಯಿಂದಲೇ ಬಂದಿತು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು. ಆದರೆ ಸರ್ ಸಿ. ವಿ. ರಾಮನ್ನರ ಸೆಳೆತ ಅವರನ್ನು ಭೌತವಿಜ್ಞಾನಕ್ಕೆ ಎಳೆದುಕೊಂಡಿತು. ಮುಂದೆ ಕೇಂಬ್ರಿಜ್ಜಿನಲ್ಲಿ ವ್ಯಾಸಂಗ; 1949ರಲ್ಲಿ ಮತ್ತೆ ಬೆಂಗಳೂರು; 1952ರಲ್ಲಿ, ಮೂವತ್ತರ ಆಸುಪಾಸಿನಲ್ಲಿಯೇ, ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಪ್ರಾಧ್ಯಾಪಕ ಪದವಿ.

ಮದರಾಸಿನಲ್ಲಿ ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಮೇಲೆ ಕ್ಷಕಿರಣ ಹಾಯಿಸಿ, ಮೂಡಿದ ಚುಕ್ಕೆಗಳಿಂದ ಅಣುವಿನ ಆಕಾರವನ್ನು ತರ್ಕಿಸಿದರು. ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ಮೂರೆಳೆಯ ರೂಪವನ್ನು ಪ್ರಕಟಿಸಿ, ಮರುವರ್ಷ ಅದನ್ನು ತಿದ್ದಿ ಸುರುಳಿಯಾಗಿ ಹೊಸೆದರು. ಸರಪಣಿಯ ಪ್ರತಿ ಮೂರನೆಯ ಕೊಂಡಿಯೂ ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸಿನ್ ಏಕೆಂಬುದು ಆಗ ತಿಳಿಯಿತು: ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಬೇರೊಂದಕ್ಕೆ ಎಡೆಯಿಲ್ಲ.

ಒಡನೆಯೇ ಆಕ್ಷೇಪಣೆಯೂ ಬಂದಿತು. ರಿಚ್ ಮತ್ತು ಕ್ರಿಕ್ ಎಂಬ ಘಟಾನುಘಟಿಗಳು, ಈ ರೂಪದಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರ ಬಂದಿವೆಯೆಂದು ವಾದಿಸಿದರು. ಹೈಡ್ರೋಜನ್ ಬಂಧಗಳ ಎಣಿಕೆಯಲ್ಲಿ ಕಡೆಗೆ ಅವರ ಮಾತೇ ನಿಂತಿತು. ಮೂರೆಳೆಯೆಂಬ ಮೂಲ ಕಲ್ಪನೆ ಮಾತ್ರ ರಾಮಚಂದ್ರನ್ನರದು. ಬೇರೊಬ್ಬರಾಗಿದ್ದರೆ ಮುನಿಸಿನಲ್ಲಿ ಕಾಲ ಕಳೆಯುತ್ತಿದ್ದರೇನೋ. ಇವರಾದರೋ, ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವೆಂಬುದನ್ನೇ ಶೋಧಿಸಹೊರಟರು. ತಿಳಿದಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ ಅಂತರಗಳನ್ನು ಪಟ್ಟಿಮಾಡಿದರು. ಪ್ರೋಟೀನು ಸರಪಣಿಯ ಪ್ರತಿ ಕೊಂಡಿಯೂ ಮುಖ್ಯವಾಗಿ ಎರಡು ಬಂಧಗಳ ಸುತ್ತ ತಿರುಗಬಲ್ಲದು. ಆದರೆ ನಮ್ಮ ಮೊಣಕೈ ಎಲ್ಲ ದಿಕ್ಕಿಗೂ ಮಡಿಯದಂತೆ, ಅದರ ಚಲನೆಗೂ ಮಿತಿಯುಂಟು. ಆ ಎರಡು ಕೋನಗಳಲ್ಲಿ ಯಾವುವು ಸಾಧ್ಯ, ಯಾವುವು ಅಸಾಧ್ಯವೆಂಬುದನ್ನು ಒಂದೇ ನಕ್ಷೆಯಲ್ಲಿ ಬರೆದು, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದರು. ಇದೇ ರಾಮಚಂದ್ರನ್ ನಕ್ಷೆ.

1971ರಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಬೇರೆ ಬೇರೆ ಕೋನಗಳಿಂದ ತೆಗೆದ ಚಪ್ಪಟೆ ಚಿತ್ರಗಳಿಂದ ವಸ್ತುವಿನ ಘನರೂಪವನ್ನು ಲೆಕ್ಕಹಾಕಿ ತೆಗೆಯುವ ಸುಲಭ ವಿಧಾನವೊಂದನ್ನು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಅದೇ ವರ್ಷ ಪ್ರಕಟಿಸಿದರು. ಕ್ಷಕಿರಣ ಚಿತ್ರಗಳಿಗೆ ಮಾತ್ರವಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಗೂ ಅದು ಅನ್ವಯಿಸುತ್ತಿತ್ತು. ಪ್ರೋಟೀನುಗಳನ್ನು ಹೆಪ್ಪುಗಟ್ಟಿಸಿ ಆ ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆಗೆ 2017ರಲ್ಲಿ ನೊಬೆಲ್ ಬಂದಿತು. ಹಾಗೆ ಕಂಡ ರಚನೆ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವಾಗ ಇಂದಿಗೂ 1963ರ ಆ ನಕ್ಷೆಯನ್ನೇ ಮುಂದಿಡುತ್ತಾರೆ.

ರಾಮಚಂದ್ರನ್ನರಿಗೆ ನೊಬೆಲ್ ದೊರೆಯಲಿಲ್ಲ. 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1999ರಲ್ಲಿ ಎವಾಲ್ಡ್ ಪ್ರಶಸ್ತಿಯೂ ಸಂದವು. ಕೊನೆಯ ವರ್ಷಗಳನ್ನು ಪಾರ್ಕಿನ್‌ಸನ್ ವ್ಯಾಧಿ ಕಾಡಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿಯವರು ಅಗಲಿದರು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅವರೂ ಕಣ್ಮುಚ್ಚಿದರು.