ಮಾನ್ವಿಯ ಪಂಡಿತ ಕಲಿತ ಪಾಠ

ರಾಯಚೂರು ಜಿಲ್ಲೆಯ ಹೆಸರು ಸುದ್ದಿಗೆ ಬರುವುದು ಹೆಚ್ಚಾಗಿ ಬರ, ಗುಳೆ ಮತ್ತು ಹಿಂದುಳಿದಿರುವಿಕೆಯ ಸಂದರ್ಭದಲ್ಲಿ. 2002ರಲ್ಲಿ ವರದಿ ಸಲ್ಲಿಸಿದ ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿರಿಸಿತು. ಆದರೆ ಹದಿನೆಂಟನೆಯ ಶತಮಾನದಲ್ಲಿ ಇದೇ ಸೀಮೆ ಮೂರು ತಲೆಮಾರುಗಳ ಗುರುಶಿಷ್ಯ ಪರಂಪರೆಯೊಂದನ್ನು ನಾಡಿಗೆ ನೀಡಿತೆಂಬುದನ್ನು ಯಾವ ಸೂಚ್ಯಂಕವೂ ಹೇಳುವುದಿಲ್ಲ.

ಪುರಂದರದಾಸರ ಕಾಲದ ನಂತರ ಮಂಕಾಗಿದ್ದ ದಾಸಸಾಹಿತ್ಯಕ್ಕೆ ಮರುಜೀವ ಕೊಟ್ಟವರು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ 1682ರಲ್ಲಿ ಜನಿಸಿದ ವಿಜಯದಾಸರು. ಬಡತನದಲ್ಲಿ ಬೆಳೆದ ಅವರು ಸುಳಾದಿಗಳ ಮೂಲಕ ತತ್ತ್ವವನ್ನು ಹಾಡಾಗಿಸಿದರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗದ ಬಳಿಯ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯರೇ ಮಾನ್ವಿಯ ಜಗನ್ನಾಥದಾಸರು.

ಬ್ಯಾಗವಾಟ ಗ್ರಾಮದಲ್ಲಿ 1728ರಲ್ಲಿ ಜನಿಸಿದ ಅವರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ರಾಘವೇಂದ್ರ ಮಠದ ವರದೇಂದ್ರ ತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ, ಸಂಸ್ಕೃತ ಪಂಡಿತರೆಂದು ಹೆಸರಾದರು. ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರ ಬಗ್ಗೆ ಅವರಿಗೆ ಗೌರವವಿರಲಿಲ್ಲ. ವಿಜಯದಾಸರು ಊಟಕ್ಕೆ ಆಹ್ವಾನಿಸಿದಾಗ ಹೊಟ್ಟೆನೋವಿನ ನೆಪವೊಡ್ಡಿ ತಪ್ಪಿಸಿಕೊಂಡರೆಂದೂ, ಆ ನೆಪವೇ ನಿಜವಾದ ವ್ಯಾಧಿಯಾಗಿ ಕಾಡಿತೆಂದೂ ಪರಂಪರೆ ಹೇಳುತ್ತದೆ. ಕೊನೆಗೆ ವಿಜಯದಾಸರೇ ಅವರನ್ನು ಉತ್ತನೂರಿನಲ್ಲಿದ್ದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಅಲ್ಲಿ ದೊರೆತ ಜೋಳದ ರೊಟ್ಟಿಯಿಂದ ರೋಗ ವಾಸಿಯಾಯಿತಂತೆ.

ಈ ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಕತೆಯ ಒಳಗಿರುವ ಸಾಮಾಜಿಕ ಸತ್ಯವನ್ನು ಅಲ್ಲಗಳೆಯಲಾಗದು. ವಿದ್ಯೆಯ ಗರ್ವ ಕರಗಿದ್ದು ವಾದದಲ್ಲಿ ಸೋತು ಅಲ್ಲ, ರೈತನ ಊಟದಿಂದ. ಅವಮಾನಿಸಿದವನನ್ನು ದೂರವಿಡದೆ, ತನ್ನ ಶಿಷ್ಯನಿಗೇ ಒಪ್ಪಿಸಿದ ಗುರುವಿನ ಔದಾರ್ಯವೂ ಇಲ್ಲಿದೆ.

ಅನಂತರ ಆ ಪಂಡಿತರು ಮಾಡಿದ ಕೆಲಸ ಅಸಾಧಾರಣವಾದುದು. ಸಂಸ್ಕೃತದ ಕೋಟೆಯೊಳಗಿದ್ದ ಮಧ್ವಸಿದ್ಧಾಂತವನ್ನು 'ಹರಿಕಥಾಮೃತಸಾರ'ದ 32 ಸಂಧಿಗಳಲ್ಲಿ, ಕುಮಾರವ್ಯಾಸ ಬಳಸಿದ ಭಾಮಿನೀ ಷಟ್ಪದಿಯಲ್ಲೇ ಕನ್ನಡಕ್ಕೆ ತಂದರು. 'ತತ್ತ್ವಸುವ್ವಾಲಿ'ಗೆ ಅವರು ಆರಿಸಿಕೊಂಡದ್ದು ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುವ ತ್ರಿಪದಿಯನ್ನು. ಪಾಠಶಾಲೆಯ ಹೊಸಿಲು ದಾಟಲಾಗದ ಗೃಹಿಣಿಯರು ಮನೆಯಲ್ಲೇ ಗಹನವಾದ ತತ್ತ್ವವನ್ನು ಬಾಯಿಪಾಠ ಮಾಡಿಕೊಂಡರು. ಈ ವಿಸ್ತರಣೆಗೂ ಮಿತಿಯಿತ್ತು. ಭಾಷೆಯ ಬಾಗಿಲು ತೆರೆದರೂ ಜಾತಿಯ ಬಾಗಿಲು ಅಷ್ಟಾಗಿ ತೆರೆಯಲಿಲ್ಲ. ಇದನ್ನು ಮರೆಮಾಚಿ ಹೊಗಳುವುದು ದಾಸರಿಗೆ ಸಲ್ಲಿಸುವ ಗೌರವವಾಗದು.

1809ರಲ್ಲಿ ಮಾನ್ವಿಯಲ್ಲಿ ಅವರು ಕಾಲವಾದರು. ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ಶಿಷ್ಯರಾದ ಕರ್ಜಗಿ ದಾಸಪ್ಪನವರು 'ಹರಿಕಥಾಮೃತಸಾರ'ಕ್ಕೆ ಫಲಶ್ರುತಿಯ ಸಂಧಿ ಸೇರಿಸಿದರು. ಲಿಂಗಸುಗೂರಿನ ಪ್ರಾಣೇಶದಾಸರು ಮಾರ್ಗವನ್ನು ಮುಂದುವರಿಸಿದರು. ವಿಜಯದಾಸರು ದೇಹವಿಟ್ಟ ಚಿಪ್ಪಗಿರಿ ಇಂದು ಆಂಧ್ರಪ್ರದೇಶದಲ್ಲಿದೆ, ಉತ್ತನೂರು ತೆಲಂಗಾಣದಲ್ಲಿದೆ. ಆಡಳಿತದ ಗಡಿಗಳು ಬದಲಾದರೂ ಹಾಡಿನ ನಂಟು ಕಡಿದಿಲ್ಲ.

ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ದೊರೆತಿದೆ. ಅದು ನ್ಯಾಯವೇ. ಆದರೆ ಕಟ್ಟಡ, ಅನುದಾನಗಳಷ್ಟರಿಂದಲೇ ವಿದ್ಯೆ ಒಬ್ಬರಿಂದೊಬ್ಬರಿಗೆ ದಾಟುವುದಿಲ್ಲ. ಕಲಿಯುವವನ ಮಾತಿನಲ್ಲಿ ಕಲಿಸಬಲ್ಲ, ಕಲಿಸುವ ಮುನ್ನ ತಾನೇ ಬಾಗಬಲ್ಲ ಗುರುವೂ ಬೇಕು. ಭಾದ್ರಪದ ಶುದ್ಧ ನವಮಿಯಂದು ಮಾನ್ವಿಯಲ್ಲಿ ದಾಸರ ಆರಾಧನೆ ನಡೆಯುವಾಗ, ನಮ್ಮ ಶಾಲೆಗಳನ್ನು ನಡೆಸುವವರು ನೆನೆಯಬೇಕಾದ ಸಂಗತಿ ಇದು.